ಮೊಣಕಾಲೂರಿದರೆ ಸಿಗುವ ನಾಲ್ಕು ಮೀಟರ್

ನದಿಯ ಆಚೆ ದಡದಲ್ಲಿ ಒಂದು ಮರದ ಕೊಂಬೆ ನೀರಿನ ತನಕ ಬಾಗಿತ್ತು. ಅದರ ಕೆಳಗೆ ಒಂದು ಟ್ರೌಟ್. ಸಂಜೆ ಹೊತ್ತು. ನೀರಿನ ಮೇಲೆ ಸಣ್ಣ ಹುಳಗಳು ತೇಲಿ ಬರುತ್ತಿದ್ದವು, ಆ ಮೀನು ಹತ್ತು ಹದಿನೈದು ಸೆಕೆಂಡಿಗೊಮ್ಮೆ ಮೇಲೆ ಬಂದು ಒಂದನ್ನು ನುಂಗಿ ಮತ್ತೆ ತನ್ನ ಜಾಗಕ್ಕೆ ಇಳಿಯುತ್ತಿತ್ತು. ನಾನಿದ್ದ ಕಡೆಯಿಂದ ಸುಮಾರು 20 ಮೀಟರ್. ಆ ವರ್ಷವಿಡೀ ನಾನು ಫ್ಲೈ ಫಿಶಿಂಗ್‌ನಲ್ಲಿ ಲೈನ್ ದೂರ ಎಸೆಯುವುದನ್ನೇ ಅಭ್ಯಾಸ ಮಾಡಿದ್ದೆ. 20 ಮೀಟರ್ ಅಂದರೆ ನನ್ನಿಂದ ಆಗುವ ಕೆಲಸ ಅಂತ ಗೊತ್ತಿತ್ತು. ಹಾಗಾಗಿ ಇದ್ದಲ್ಲೇ ನಿಂತು ಎಸೆದೆ.

ಮೊದಲನೆಯದು ಒಂದು ಮಾರು ಹಿಂದೆಯೇ ಬಿತ್ತು. ಎರಡನೆಯದು ಎಡಕ್ಕೆ ಹೋಯಿತು. ಮೂರನೆಯದು ನೋಡಲು ತುಂಬಾ ಚೆನ್ನಾಗಿತ್ತು. ಲೈನ್ ಗಾಳಿಯಲ್ಲಿ ನೀಟಾಗಿ ಬಿಚ್ಚಿಕೊಂಡು ಹೋಗಿ ಉದ್ದಕ್ಕೆ ಮಲಗಿತು, ಆದರೆ ಮಲಗಿದ್ದು ಸರಿಯಾಗಿ ಮೀನಿನ ತಲೆಯ ಮೇಲೆ. ಮೀನು ಮತ್ತೆ ಏಳಲಿಲ್ಲ. ಕತ್ತಲಾಗುವ ತನಕ ಕಾದೆ.

ಅವತ್ತು ವಾಪಸ್ ಬರುವಾಗ ಒಂದೇ ಪ್ರಶ್ನೆ ತಲೆಯಲ್ಲಿ ಓಡುತ್ತಿತ್ತು. ನನಗೆ 20 ಮೀಟರ್ ಎಸೆಯಲು ಬರುತ್ತದೆ ಅಂದರೆ ಏನರ್ಥ? ಲೈನ್ ಅಷ್ಟು ದೂರ ಹೋಗುತ್ತದೆ ಅಂತಲೋ, ಅಷ್ಟು ದೂರದಲ್ಲಿ ನನಗೆ ಬೇಕಾದ ಜಾಗಕ್ಕೆ ಫ್ಲೈ ಇಳಿಸಬಲ್ಲೆ ಅಂತಲೋ? ನಾನು ಮೊದಲನೆಯದನ್ನು ಕಲಿತು, ಎರಡನೆಯದೂ ಬಂತು ಅಂದುಕೊಂಡಿದ್ದೆ.

ಫ್ಲೈ ಫಿಶಿಂಗ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮಾಮೂಲಿ ಗಾಳದಲ್ಲಿ ತುದಿಗೆ ಭಾರ ಇರುತ್ತದೆ, ಎಸೆದರೆ ಆ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ಫ್ಲೈ ಅಂದರೆ ಕೊಕ್ಕೆಗೆ ಗರಿ, ನೂಲು, ರೋಮ ಸುತ್ತಿ ಹುಳದ ಥರ ಮಾಡಿದ್ದು, ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ತೂಕ ಇರುವುದು ಲೈನಿನಲ್ಲಿ. 5 ನಂಬರ್ ಲೈನ್ ಅಂದರೆ ಅದರ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗಬೇಕು ಅಂತ ಲೆಕ್ಕ. ಆ 9 ಗ್ರಾಂ ಅನ್ನು ರಾಡ್‌ನಿಂದ ಹಿಂದಕ್ಕೆ ಒಮ್ಮೆ ಚಾಚಿ, ಅದು ಪೂರ್ತಿ ಬಿಚ್ಚಿಕೊಳ್ಳುವ ತನಕ ತಾಳಿ, ಮುಂದಕ್ಕೆ ತಂದು, ತಟ್ಟನೆ ನಿಲ್ಲಿಸಬೇಕು. ರಾಡ್ ನಿಲ್ಲುತ್ತದೆ, ಲೈನ್ ಮುಂದೆ ಓಡುತ್ತದೆ. ಓಡುವಾಗ ಮಡಚಿದ ಬಳ್ಳಿಯ ಹಾಗೆ ಒಂದು ಆಕಾರ ಬರುತ್ತದೆ, ಅದೇ ಲೂಪ್. ಲೈನಿನ ತುದಿಗೆ ಲೀಡರ್ ಅನ್ನುವ ಸುಮಾರು 9 ಅಡಿಯ ತೆಳು ದಾರ, ಅದರ ತುದಿಗೆ ಫ್ಲೈ. ಲೂಪ್ ಬಿಚ್ಚಿಕೊಳ್ಳುತ್ತಾ ಬಂದು, ಕೊನೆಗೆ ಲೀಡರ್ ಬಿಚ್ಚಿ, ಎಲ್ಲಕ್ಕಿಂತ ಕೊನೆಗೆ ಫ್ಲೈ ಇಳಿಯುತ್ತದೆ. ಇಷ್ಟೇ ಕೆಲಸ, ಆದರೆ ಒಂದು ಆಯುಷ್ಯಕ್ಕೆ ಸಾಕಾಗುವಷ್ಟಿದೆ.

ಇದರಲ್ಲಿ ದೂರ ಅನ್ನುವುದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಅಳೆಯಬಹುದು. ಬೇರೆಯವರಿಗೆ ಹೇಳಬಹುದು. ಗುರಿ ಹಾಗಲ್ಲ, ಅದು ನಿಮಗೆ ಮತ್ತು ಮೀನಿಗೆ ಮಾತ್ರ ಗೊತ್ತಾಗುವ ವಿಷಯ. ಎಸೆಯಲು ಕಲಿತ ಹೊಸದರಲ್ಲಿ ಎಲ್ಲರೂ ದೂರದ ಹಿಂದೆ ಬೀಳುವುದು ಇದಕ್ಕೇ ಇರಬೇಕು. ನಾನೂ ಬಿದ್ದೆ.

ಈಗ ಲೆಕ್ಕ ನೋಡಿ. ರಾಡ್ ಹೋದ ದಾರಿ ಗುರಿಯಿಂದ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ಸರಿಯಿತು ಅನ್ನಿ. 9 ಮೀಟರ್ ದೂರದಲ್ಲಿ ಅದು ಸುಮಾರು 16 ಸೆಂಟಿಮೀಟರ್ ತಪ್ಪು. ಗೇಣಿಗಿಂತ ಕಡಿಮೆ. 18 ಮೀಟರ್‌ನಲ್ಲಿ 31 ಸೆಂಟಿಮೀಟರ್. ಹುಳ ಒಂದರ ಹಿಂದೆ ಒಂದು ಬರುತ್ತಿರುವಾಗ ಟ್ರೌಟ್ ತನ್ನ ಜಾಗ ಬಿಟ್ಟು ಹೆಚ್ಚು ಆಚೀಚೆ ಹೋಗುವುದಿಲ್ಲ, ತನ್ನ ಮೂತಿಯ ನೇರಕ್ಕೆ ಬಂದದ್ದನ್ನು ಮಾತ್ರ ತಿನ್ನುತ್ತದೆ. ಹಾಗಾಗಿ ಗೇಣಿನೊಳಗಿನ ತಪ್ಪಿಗೂ ಗೇಣೂವರೆ ತಪ್ಪಿಗೂ ನಡುವೆ ಇರುವುದು ಮೀನು ಸಿಗುವ ಮತ್ತು ಸಿಗದಿರುವ ವ್ಯತ್ಯಾಸ. ಕೈ ಮಾಡಿದ್ದು ಅದೇ ಒಂದು ಡಿಗ್ರಿ ತಪ್ಪು, ಅಲ್ವಾ?

ಆದರೆ ನನ್ನ ಅನುಭವದಲ್ಲಿ ಎಡ ಬಲದ ತಪ್ಪು ದೊಡ್ಡ ತೊಂದರೆ ಅಲ್ಲ. ಅದನ್ನು ತಿದ್ದುವುದು ಬೇಗ ಬರುತ್ತದೆ. ರಾಡನ್ನು ಪಕ್ಕಕ್ಕೆ ಓರೆ ಮಾಡದೆ ನೆಟ್ಟಗೆ ಹಿಡಿದು, ಕೈ, ಕಣ್ಣು, ಗುರಿ ಮೂರನ್ನೂ ಒಂದೇ ಗೆರೆಗೆ ತಂದರೆ ಒಂದೆರಡು ವಾರದಲ್ಲೇ ಫ್ಲೈ ನೇರಕ್ಕೆ ಹೋಗಲು ಶುರುವಾಗುತ್ತದೆ. ಕಾಡುವುದು ಉದ್ದದ ತಪ್ಪು. ಎಷ್ಟು ಉದ್ದ ಹೋಗಬೇಕಿತ್ತು, ಎಷ್ಟು ಹೋಯಿತು. ಗುರಿ ಅಂದಾಗ ಎಲ್ಲರೂ ಎಡ ಬಲವನ್ನೇ ಯೋಚಿಸುತ್ತಾರೆ, ಉದ್ದದ ಬಗ್ಗೆ ಮಾತೇ ಕಡಿಮೆ.

ಉದ್ದದ ತಪ್ಪಿನಲ್ಲೂ ಎರಡು ಕಡೆ ಒಂದೇ ಸಮ ಅಲ್ಲ. ಕಡಿಮೆ ಬಿದ್ದರೆ ಫ್ಲೈ ಮೀನಿನ ಹಿಂದೆ ಎಲ್ಲೋ ಸುಮ್ನೆ ತೇಲಿ ಹೋಗುತ್ತದೆ, ಮೀನಿಗೆ ಗೊತ್ತೂ ಆಗುವುದಿಲ್ಲ, ಇನ್ನೊಂದು ಅವಕಾಶ ಇರುತ್ತದೆ. ಜಾಸ್ತಿ ಹೋದರೆ ಲೈನ್ ಮೀನಿನ ಮೇಲೇ ಬೀಳುತ್ತದೆ. ಆಮೇಲೆ ಅವಕಾಶ ಇಲ್ಲ. ಅದಕ್ಕೇ ಈಗ ನಾನು ಮೊದಲ ಎಸೆತವನ್ನು ಬೇಕಂತಲೇ ಅರ್ಧ ಮೀಟರ್ ಕಡಿಮೆ ಇಡುತ್ತೇನೆ. ಬಿದ್ದ ಜಾಗ ನೋಡಿಕೊಂಡು ಆಮೇಲೆ ಒಂದು ಎಳೆತದಷ್ಟು ಲೈನ್ ಸೇರಿಸುತ್ತೇನೆ.

ಉದ್ದ ಅಳೆಯಲು ನನಗೆ ಎರಡು ದಾರಿ ಸಿಕ್ಕಿವೆ. ಒಂದು, ಲೈನಿನ ಮೇಲೆ ಅಳಿಸದ ಮಾರ್ಕರಿನಲ್ಲಿ 10 ಮೀಟರ್‌ಗೆ ಒಂದು ಪಟ್ಟೆ ಎಳೆದಿದ್ದೇನೆ. ಆ ಪಟ್ಟೆ ರಾಡ್ ತುದಿಯಿಂದ ಆಚೆ ಹೋಯಿತು ಅಂದರೆ ಎಷ್ಟು ಲೈನ್ ಗಾಳಿಯಲ್ಲಿದೆ ಅಂತ ಗೊತ್ತಾಗುತ್ತದೆ. ಇನ್ನೊಂದು ಎಡಗೈ. ಎಡಗೈ ಲೈನನ್ನು ಹಿಡಿದಿರುತ್ತದೆ, ಮುಂದಕ್ಕೆ ಎಸೆದಾಗ ಬಿಟ್ಟುಬಿಡುವುದು ರೂಢಿ. ಪೂರ್ತಿ ಬಿಡದೆ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಉಂಗುರ ಮಾಡಿ ಅದರೊಳಗಿಂದ ಲೈನ್ ಓಡಲು ಬಿಟ್ಟರೆ, ಬೇಕಾದ ಕ್ಷಣಕ್ಕೆ ಮೆತ್ತಗೆ ಒತ್ತಿ ನಿಲ್ಲಿಸಬಹುದು. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಅಂಗೈಯಲ್ಲಿ ಜಾರಿಸುತ್ತಾ ಬಿಡುತ್ತೇವಲ್ಲ, ಅದೇ ಥರ. ಫ್ಲೈ ನೀರಿಗೆ ಮುಟ್ಟುವ ಕೊನೆಯ ಒಂದು ಮೀಟರ್ ನಿಮ್ಮ ಬೆರಳಿನಲ್ಲಿರುತ್ತದೆ. ಇದು ಕೈಗೆ ಬಂದ ದಿನ ನನಗೆ ಆದ ಖುಷಿ, ಮೊದಲ ಸಲ 20 ಮೀಟರ್ ದಾಟಿದಾಗಲೂ ಆಗಿರಲಿಲ್ಲ.

ಇನ್ನು ಸೆಳವು. ಇದರ ಬಗ್ಗೆ ನಾನು ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ.

ನದಿ ಒಂದೇ ವೇಗದಲ್ಲಿ ಹರಿಯುವುದಿಲ್ಲ. ನಡುವೆ ರಭಸ, ದಡದ ಬಳಿ ನಿಧಾನ, ಕಲ್ಲಿನ ಹಿಂದೆ ಇನ್ನೂ ನಿಧಾನ, ಕೆಲವು ಕಡೆ ನೀರು ಹಿಂದಕ್ಕೇ ತಿರುಗುತ್ತದೆ. ನೀವು 20 ಮೀಟರ್ ಲೈನನ್ನು ಅಡ್ಡಕ್ಕೆ ಹಾಸಿದರೆ ಅದು ನಾಲ್ಕೈದು ಬೇರೆ ಬೇರೆ ವೇಗದ ನೀರಿನ ಮೇಲೆ ಮಲಗುತ್ತದೆ. ನಡುವಿನ ರಭಸ ಲೈನಿನ ಹೊಟ್ಟೆಯನ್ನು ಹಿಡಿದು ಎಳೆಯುತ್ತದೆ, ತುದಿಯ ಫ್ಲೈ ಅದರ ಹಿಂದೆ ಜಾರುತ್ತದೆ. ನಿಜವಾದ ಹುಳ ನೀರಿನ ಜೊತೆ ತೇಲುತ್ತದೆ, ನೀರಿಗೆ ಅಡ್ಡವಾಗಿ ಓಡುವುದಿಲ್ಲ. ಮೀನಿಗೆ ಇದು ತಕ್ಷಣ ಗೊತ್ತಾಗುತ್ತದೆ. ಇದನ್ನು ಡ್ರ್ಯಾಗ್ ಅನ್ನುತ್ತಾರೆ. ಅಂದರೆ ಅವತ್ತು ನನ್ನ ಫ್ಲೈ ಸರಿಯಾದ ಜಾಗಕ್ಕೇ ಬಿದ್ದಿದ್ದರೂ ಒಂದೆರಡು ಸೆಕೆಂಡಿನಲ್ಲಿ ಅದು ಕೆಟ್ಟುಹೋಗುತ್ತಿತ್ತು. ಬಿದ್ದ ಕ್ಷಣದ ಗುರಿ ಸಾಲದು, ಬಿದ್ದ ಮೇಲೆ ಮೀನಿನ ಬಾಯಿಯ ತನಕ ಆ ಗುರಿ ಉಳಿಯಬೇಕು.

ಇದಕ್ಕೆ ಉಪಾಯಗಳಿವೆ. ಲೈನ್ ನೀರಿಗೆ ಬಿದ್ದ ಮೇಲೆ ಅದರ ಹೊಟ್ಟೆಯನ್ನು ಎತ್ತಿ ಸೆಳವಿನ ಮೇಲ್ಗಡೆಗೆ ಹಾಕುವುದು ಮೆಂಡ್. ಲೈನ್ ಇನ್ನೂ ಗಾಳಿಯಲ್ಲಿರುವಾಗಲೇ ರಾಡನ್ನು ಸೆಳವಿನ ಮೇಲ್ಗಡೆಗೆ ಚಾಚಿ ಮಲಗಿಸುವುದು ರೀಚ್ ಕಾಸ್ಟ್. ಎರಡೂ ಒಳ್ಳೆಯವೇ, ಎರಡನ್ನೂ ಬಳಸುತ್ತೇನೆ. ಆದರೆ ಮೀನಿಗೆ 7 ಮೀಟರ್ ದೂರದ ತನಕ ಹೋದರೆ ಇವೆರಡರ ಕೆಲಸವೇ ಮುಕ್ಕಾಲು ಪಾಲು ಕಡಿಮೆ ಆಗುತ್ತದೆ. ರಾಡ್ 9 ಅಡಿ ಇದೆ, ಕೈ ಎತ್ತಿ ಹಿಡಿದರೆ ಹೆಚ್ಚಿನ ಲೈನ್ ನೀರಿನಿಂದ ಮೇಲೇ ಇರುತ್ತದೆ. ನೀರಿನ ಮೇಲೆ ಲೈನೇ ಇಲ್ಲದಿದ್ದರೆ ಸೆಳವು ಏನನ್ನು ಎಳೆಯುತ್ತದೆ?

ಮೀನು ಕಚ್ಚಿದ ಮೇಲೂ ಇದೇ ಕಥೆ. ಲೈನಿಗೆ ರಬ್ಬರಿನಷ್ಟಲ್ಲದಿದ್ದರೂ ಹಿಗ್ಗುವ ಗುಣ ಇದೆ, ನೀರಿನ ಮೇಲೆ ಅದು ಸೊಟ್ಟಂಬಟ್ಟ ಬೇರೆ ಮಲಗಿರುತ್ತದೆ. ನಾನು ರಾಡ್ ಎತ್ತಿ, ಸಡಿಲ ಎಲ್ಲ ಬಿಗಿಯಾಗಿ, ಆ ಬಿಗಿ ಕೊಕ್ಕೆಗೆ ಮುಟ್ಟುವಷ್ಟರಲ್ಲಿ ಮೀನು ಗರಿಯನ್ನು ಉಗುಳಿ ಆಗಿರುತ್ತದೆ. ಹತ್ತಿರದಿಂದ ಆದರೆ ಮಣಿಕಟ್ಟು ಎತ್ತಿದರೆ ಸಾಕು.

ಹಾಗಾದರೆ ಹತ್ತಿರ ಹೋಗಬಾರದೇಕೆ ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಮೀನು ನೋಡಿಬಿಡುತ್ತದೆ. ನಿಜ. ಆದರೆ ಎಷ್ಟು ದೂರದಿಂದ ನೋಡುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ, ಆ ಲೆಕ್ಕ ತಿಳಿದ ಮೇಲೆ ನನ್ನ ಮೀನು ಹಿಡಿಯುವ ರೀತಿಯೇ ಬದಲಾಯಿತು.

ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಪ್ರಪಂಚವೆಲ್ಲ ತಲೆಯ ಮೇಲಿನ ಒಂದು ದುಂಡನೆಯ ಕಿಟಕಿಯಲ್ಲಿ ಕಾಣುತ್ತದೆ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುತ್ತದಲ್ಲ, ಅದರಿಂದ ಆಗುವುದು ಇದು. ಆ ಕಿಟಕಿಯ ಕೋನ ಯಾವಾಗಲೂ ಸುಮಾರು 97 ಡಿಗ್ರಿ. ಮೀನು ಆಳದಲ್ಲಿದ್ದಷ್ಟೂ ಕಿಟಕಿ ದೊಡ್ಡದು. ಮೀನಿನ ಕಣ್ಣು ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗಿದ್ದರೆ ಕಿಟಕಿಯ ಅಗಲ 70 ಸೆಂಟಿಮೀಟರ್‌ಗಿಂತ ಸ್ವಲ್ಪ ಕಡಿಮೆ. ಅದರಿಂದ ಆಚೆ ನೀರಿನ ಮೇಲ್ಮೈ ಮೀನಿಗೆ ಕನ್ನಡಿಯ ಹಾಗೆ, ಹೊರಗಿನದು ಕಾಣದು. ಮೇಲಿನ ಹುಳ ಹಿಡಿಯುವ ಮೀನು ನೀರಿನ ಮಟ್ಟದ ಹತ್ತಿರವೇ ಇರುತ್ತದೆ, ಅಂದರೆ ಅದರ ಕಿಟಕಿ ಚಿಕ್ಕದು, ಫ್ಲೈ ಆ ಚಿಕ್ಕ ಕಿಟಕಿಯ ದಾರಿಗೇ ಬರಬೇಕು. ಗುರಿ ಯಾಕೆ ಅಷ್ಟು ಮುಖ್ಯ ಅನ್ನುವುದು ಇಲ್ಲೂ ಗೊತ್ತಾಗುತ್ತದೆ.

ಆ ಕಿಟಕಿಯ ಅಂಚಿನಲ್ಲಿ ಹೊರಗಿನ ನೋಟ ಒತ್ತಿಕೊಂಡು ಮಸುಕಾಗಿರುತ್ತದೆ. ನೀರಿನ ಮಟ್ಟದಿಂದ 10 ಡಿಗ್ರಿಗಿಂತ ಕಡಿಮೆ ಎತ್ತರದಲ್ಲಿರುವುದು ಮೀನಿಗೆ ಸರಿಯಾಗಿ ಕಾಣುವುದಿಲ್ಲ ಅಂತ ಗಾಳದವರು ಒಂದು ಅಂದಾಜು ಇಟ್ಟುಕೊಂಡಿದ್ದಾರೆ. ಇದನ್ನು ದೂರಕ್ಕೆ ತಿರುಗಿಸಿದರೆ, ನೀರಿನ ಮಟ್ಟದಿಂದ ನಿಮ್ಮ ಎತ್ತರ ಎಷ್ಟೋ ಅದರ ಐದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ದೂರ ಬೇಕು. ನಾನು ನಿಂತರೆ 1.7 ಮೀಟರ್, ಹಾಗಾಗಿ 9.6 ಮೀಟರ್ ಆಚೆ ಇರಬೇಕು. ಮೊಣಕಾಲೂರಿ ಹಿಮ್ಮಡಿ ಮೇಲೆ ಕೂತರೆ ಒಂದು ಮೀಟರ್ ಆಸುಪಾಸು. ಆಗ 5.7 ಮೀಟರ್ ತನಕ ಹೋಗಬಹುದು. ಬರೀ ಕೂತಿದ್ದಕ್ಕೆ ನಾಲ್ಕು ಮೀಟರ್ ಸಿಕ್ಕಿತು. ನನ್ನ ಎಸೆತಕ್ಕೆ ನಾಲ್ಕು ಮೀಟರ್ ಸೇರಿಸಲು ನನಗೆ ಎರಡು ವರ್ಷ ಬೇಕಾಗಿತ್ತು. ರಾಡ್ ಎತ್ತರ ಇರುತ್ತದೆ ನಿಜ, ಅದಕ್ಕೆ ಕೂತಾಗ ಫಾಲ್ಸ್ ಕಾಸ್ಟ್ (ಲೈನನ್ನು ನೀರಿಗೆ ಇಳಿಸದೆ ಗಾಳಿಯಲ್ಲೇ ಹಿಂದೆ ಮುಂದೆ ಆಡಿಸುವುದು) ಎಲ್ಲ ಪಕ್ಕಕ್ಕೆ, ನೀರಿಗೆ ಹತ್ತಿರವಾಗಿ ಮಾಡಿ ಕೊನೆಯದನ್ನು ಮಾತ್ರ ನೆಟ್ಟಗೆ ಎಸೆಯುತ್ತೇನೆ. ಟ್ರೌಟ್ ಸೆಳವಿಗೆ ಮುಖ ಮಾಡಿ ನಿಲ್ಲುತ್ತದೆ, ಹಾಗಾಗಿ ಕೆಳಗಿನಿಂದ, ಅದರ ಬಾಲದ ಕಡೆಯಿಂದ ಹೋದರೆ ಇನ್ನೂ ಹತ್ತಿರ ಆಗಬಹುದು. ಕಾಲು ಮಾತ್ರ ನಿಧಾನ ಇಡಬೇಕು. ಮೀನಿನ ಮೈಯ ಎರಡೂ ಪಕ್ಕದಲ್ಲಿ ನೀರಿನ ಅಲುಗಾಟ ತಿಳಿಯುವ ಗೆರೆ ಇದೆ, ಅದಕ್ಕೆ ಕಿಟಕಿ ಗಿಟಕಿ ಏನೂ ಬೇಡ.

ಮುಂದಿನ ವರ್ಷ ಅದೇ ಕೊಂಬೆಯ ಬಳಿ ಹೋದೆ. ಅದೇ ಮೀನೋ ಬೇರೆಯದೋ ಗೊತ್ತಿಲ್ಲ, ಅದೇ ಜಾಗದಲ್ಲಿ ಒಂದು ಏಳುತ್ತಿತ್ತು. ಈ ಸಲ ಸುಮಾರು 60 ಮೀಟರ್ ಕೆಳಗೆ ಹೋಗಿ, ನೀರು ತೆಳುವಿದ್ದ ಕಡೆ ನದಿ ದಾಟಿ, ಆಚೆ ದಡದ ಪಕ್ಕದಲ್ಲೇ ಮೇಲೆ ನಡೆದೆ. ಎರಡು ಹೆಜ್ಜೆ, ನಿಲ್ಲುವುದು, ಮೀನು ಎದ್ದಿತಾ ಅಂತ ನೋಡುವುದು, ಮತ್ತೆ ಎರಡು ಹೆಜ್ಜೆ. ಇಪ್ಪತ್ತು ನಿಮಿಷ ಹಿಡಿಯಿತು. ಮೊಣಕಾಲು ಮುಳುಗದಷ್ಟು ನೀರಿನಲ್ಲಿ ಕೂತಾಗ ಮೀನಿಗೂ ನನಗೂ 7 ಮೀಟರ್ ಇದ್ದಿರಬಹುದು. ಹತ್ತಿರದಿಂದ ನೋಡಿದಾಗ ಮೊದಲ ಸಲ ಅದರ ಬೆನ್ನಿನ ಬಣ್ಣ ಕಂಡಿತು. ಮೊದಲ ಎಸೆತ ಅರ್ಧ ಮೀಟರ್ ಕಡಿಮೆ, ಬೇಕಂತಲೇ. ಅದು ತೇಲಿ ನನ್ನ ಪಕ್ಕಕ್ಕೆ ಬರುವ ತನಕ ನಾನು ಅಲ್ಲಾಡಲಿಲ್ಲ. ಎರಡನೆಯದು ಕೊಂಬೆಯ ಕೆಳಗೆ, ಮೀನಿನಿಂದ ಒಂದು ಮೊಳ ಮೇಲೆ ಇಳಿಯಿತು. ಮೀನು ಬೇರೆ ಹುಳಕ್ಕೆ ಏಳುವ ಹಾಗೆಯೇ, ಯಾವ ಅವಸರವೂ ಇಲ್ಲದೆ ಎದ್ದಿತು. ಮುಳ್ಳಿಲ್ಲದ ಕೊಕ್ಕೆ, ನೀರಿನಲ್ಲೇ ಬಿಡಿಸಿ ಬಿಟ್ಟೆ. ಆಮೇಲೆ ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಇಷ್ಟು ಹೇಳಿದ ಮೇಲೆ ದೂರ ಎಸೆಯುವುದು ವ್ಯರ್ಥ ಅಂತ ನಾನು ಹೇಳುತ್ತಿದ್ದೇನೆ ಅನಿಸಬಹುದು. ಹಾಗಲ್ಲ. ಸಮುದ್ರದ ತೆಳು ನೀರಿನಲ್ಲಿ ಬೋನ್‌ಫಿಶ್ ಹಿಡಿಯುವವರಿಗೆ ಮೀನು ನಿಂತು ಕಾಯುವುದಿಲ್ಲ. 15 ಮೀಟರ್ ಆಚೆ ಕಾಣಿಸುತ್ತದೆ, ಈಜುತ್ತಿರುತ್ತದೆ, ಒಂದೆರಡು ಫಾಲ್ಸ್ ಕಾಸ್ಟ್‌ನಲ್ಲಿ ಗಾಳಿಯನ್ನು ಸೀಳಿಕೊಂಡು ಅದರ ದಾರಿಯ ಮುಂದೆ ಫ್ಲೈ ಇಡಬೇಕು. ಅಲ್ಲಿ ಮೊಣಕಾಲೂರಿ ಇಪ್ಪತ್ತು ನಿಮಿಷ ಕಳೆಯಲು ಆಗುವುದಿಲ್ಲ. ದೊಡ್ಡ ಕೆರೆಯ ದಡದಲ್ಲೂ ಹಾಗೆಯೇ, ಮೀನು ಇರುವಲ್ಲಿಗೆ ಕಾಲು ಮುಟ್ಟುವುದಿಲ್ಲ, ಲೈನೇ ಮುಟ್ಟಬೇಕು.

ಇನ್ನೂ ಒಂದು ಕಾರಣ ಇದೆ, ನನಗೆ ಅದೇ ಹೆಚ್ಚು. ದೂರ ಎಸೆಯುವಾಗ ತಪ್ಪು ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ. 8 ಮೀಟರ್‌ನಲ್ಲಿ ಕೈ ಹೇಗೆ ಆಡಿಸಿದರೂ ಲೈನ್ ಹೇಗೋ ಹೋಗುತ್ತದೆ. 20 ಮೀಟರ್‌ನಲ್ಲಿ ರಾಡ್ ತುದಿ ನೇರ ದಾರಿ ಬಿಟ್ಟು ಸ್ವಲ್ಪ ತಗ್ಗಿದರೂ ಲೂಪಿನ ಮೇಲಿನ ಎಳೆ ಕೆಳಗಿನ ಎಳೆಗೆ ಸಿಕ್ಕಿಕೊಳ್ಳುತ್ತದೆ. ಟೇಲಿಂಗ್ ಲೂಪ್ ಅನ್ನುತ್ತಾರೆ ಇದನ್ನು, ಲೀಡರಿನಲ್ಲಿ ತಾನಾಗಿ ಬೀಳುವ ಗಂಟುಗಳಿಗೆ ಇದೇ ಮೂಲ. ಲೈನ್ ಹಿಂದೆ ಪೂರ್ತಿ ಬಿಚ್ಚುವ ಮೊದಲೇ ನನ್ನ ಕೈ ಮುಂದಕ್ಕೆ ತೆವಳುತ್ತಿತ್ತು ಅನ್ನುವುದು ನನಗೆ ತಿಳಿದದ್ದು ದೂರದ ಅಭ್ಯಾಸದಲ್ಲಿ. ಅದನ್ನು ತಿದ್ದಿಕೊಂಡ ಮೇಲೆ 8 ಮೀಟರ್‌ನ ಎಸೆತ ಕೂಡ ಮೆತ್ತಗಾಯಿತು, ಫ್ಲೈ ಹೂವಿನ ಹಾಗೆ ಇಳಿಯಲು ಶುರುವಾಯಿತು.

ಜೋನ್ ವುಲ್ಫ್ ಅವರ ಹೆಸರು ಇಲ್ಲಿ ಹೇಳಲೇಬೇಕು. ಅಮೆರಿಕದವರು. 1943ರಿಂದ 1960ರ ನಡುವೆ 17 ರಾಷ್ಟ್ರೀಯ ಕಾಸ್ಟಿಂಗ್ (ಎಸೆತದ) ಪ್ರಶಸ್ತಿ ಗೆದ್ದರು. 1951ರಲ್ಲಿ ಉಳಿದವರೆಲ್ಲ ಗಂಡಸರೇ ಆಗಿದ್ದ ದೂರದ ಸ್ಪರ್ಧೆಯೊಂದನ್ನು ಗೆದ್ದರು, 1960ರಲ್ಲಿ 161 ಅಡಿ ಎಸೆದರು, ಅಂದರೆ 49 ಮೀಟರ್. ಅವರೇ ಗುರಿಯ ಸ್ಪರ್ಧೆಗಳಲ್ಲೂ ಗೆದ್ದವರು. ದೂರಕ್ಕೆ ಒಂದು ಕೈ, ಗುರಿಗೆ ಇನ್ನೊಂದು ಕೈ ಅಂತ ಇರುವುದಿಲ್ಲ. ಬಿಗಿಯಾದ ಲೂಪ್, ನೇರ ದಾರಿ, ಸರಿಯಾದ ನಿಲುಗಡೆ, ಇವು ಎರಡಕ್ಕೂ ಬೇಕು.

ಅಲ್ಲಿನ ಗುರಿಯ ಸ್ಪರ್ಧೆಗಳಲ್ಲಿ ನೀರಿನ ಮೇಲೆ 30 ಇಂಚು ಅಗಲದ ರಿಂಗ್‌ಗಳನ್ನು ತೇಲಿಬಿಡುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ 1938ರಲ್ಲಿ ಕಟ್ಟಿದ ಕಾಸ್ಟಿಂಗ್ ಕೊಳಗಳಿವೆ, ಬರೀ ಎಸೆಯುವ ಅಭ್ಯಾಸಕ್ಕೆ ಅಂತಲೇ. ಆ 30 ಇಂಚಿನ ಅಳತೆಯನ್ನು ನಾನು ತಗೊಂಡೆ. ಪೈಪ್ ಬಗ್ಗಿಸಿ ಒಂದು ರಿಂಗ್ ಮಾಡಿ ಹುಲ್ಲಿನ ಮೇಲೆ ಇಟ್ಟೆ. ಕೊಕ್ಕೆ ಇಲ್ಲ, ಲೀಡರಿನ ತುದಿಗೆ ಉಣ್ಣೆಯ ಸಣ್ಣ ಉಂಡೆ. ನಿಯಮ ನಾನೇ ಮಾಡಿಕೊಂಡದ್ದು: 10 ಎಸೆತದಲ್ಲಿ 8 ರಿಂಗಿನೊಳಗೆ ಬಿದ್ದರೆ ಆ ದೂರ ನನ್ನದು. ಇಲ್ಲದಿದ್ದರೆ ಲೈನ್ ಎಷ್ಟೇ ದೂರ ಹೋದರೂ ಅದು ನನ್ನ ದೂರ ಅಲ್ಲ.

ಮೊದಲ ಸಲ ಅಳೆದಾಗ ನನ್ನ ದೂರ 8 ಮೀಟರ್. ಆಗ ನಾನು 24 ಮೀಟರ್ ಎಸೆಯುತ್ತಿದ್ದೆ. ಅದನ್ನು ನೋಟ್ ಬುಕ್ಕಿನಲ್ಲಿ ಬರೆದಾಗ ಮನಸ್ಸಿಗೆ ಕಷ್ಟವಾಯಿತು, ಜೊತೆಗೆ ಒಂಥರಾ ಹಗುರವೂ ಆಯಿತು, ಏಕೆಂದರೆ ಇನ್ನು ಮುಂದೆ ನೀರಿನ ಬಳಿ ನಿಂತಾಗ ಏನು ಮಾಡಬೇಕು ಅನ್ನುವುದು ಸ್ಪಷ್ಟವಿತ್ತು. ಮೀನು 8ರ ಒಳಗಿದ್ದರೆ ಎಸೆ. ಆಚೆ ಇದ್ದರೆ ಮೊದಲು ಕಾಲಿನ ಕೆಲಸ. ಕಾಲಿಗೂ ಆಗದಿದ್ದರೆ ಆ ಮೀನನ್ನು ಬಿಟ್ಟುಬಿಡು, ಅದು ಹೆದರದೆ ತಿನ್ನುತ್ತಿರಲಿ. ಮೂರನೆಯದು ಮಾಡಲು ಈಗಲೂ ಕಷ್ಟ. ಆದರೂ ಮಾಡುತ್ತೇನೆ.

ಈಗ ನನ್ನ ದೂರ 11 ಮೀಟರ್. ಗಾಳಿ ಇಲ್ಲದ ದಿನ, ಬಲ ಭುಜದ ಕಡೆಯಿಂದ ಎಸೆದರೆ. ಬಲದಿಂದ ಗಾಳಿ ಬೀಸಿದರೆ ಲೈನ್ ಮೈಮೇಲೆ ಬರುತ್ತದೆ, ಆಗ ರಾಡ್ ತುದಿಯನ್ನು ಎಡ ಭುಜದ ಮೇಲಕ್ಕೆ ವಾಲಿಸಿ ಎಸೆಯಬೇಕು. ಹಾಗೆ ಎಸೆದರೆ 11ರಲ್ಲಿ ಹತ್ತಕ್ಕೆ 4 ಮಾತ್ರ ಬೀಳುತ್ತವೆ. ಕೈ, ಕಣ್ಣು, ಗುರಿ ಒಂದೇ ಗೆರೆಯಲ್ಲಿ ಇರುವುದಿಲ್ಲ, ಹಿಂದೆ ಹೋದ ಲೈನ್ ಎಲ್ಲಿದೆ ಅಂತಲೂ ನನಗೆ ಸರಿಯಾಗಿ ತಿಳಿಯುವುದಿಲ್ಲ. ಹೋದ ವಾರ ರಿಂಗನ್ನು ಒಂದೊಂದೇ ಮೀಟರ್ ಹತ್ತಿರಕ್ಕೆ ತಂದು ನೋಡಿದೆ. 7 ಮೀಟರ್‌ನಲ್ಲಿ 8 ಬಿದ್ದವು. ಅಂದರೆ ಬಲದ ಗಾಳಿಗೆ ನನ್ನ ದೂರ 7. ನೋಟ್ ಬುಕ್ಕಿನಲ್ಲಿ ಅದಕ್ಕೆ ಬೇರೆ ಪುಟ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಗಾಳಿ ಇದ್ದರೆ ರಿಂಗನ್ನು ಏಳೂವರೆಗೆ ಸರಿಸುತ್ತೇನೆ.